ಮಾರ್ಕು ರುಚಿಗೋ, ಕಿಕ್ಕಿಗೋ?

ಈ ಸಲ ಬಂದ ಪತ್ರಗಳು ಹೆಚ್ಚುಕಮ್ಮಿ ಒಂದೇ ವಿಷಯವನ್ನು ಸುತ್ತುತ್ತಿವೆ. ಹಾಗಾಗಿ ಒಂದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಚಿಕ್ಕದು. ಹೊಸ ಓದುಗರಿಗೆ ನನ್ನ ಪರಿಚಯ: ಬಿಯರ್ ಕಾರ್ಖಾನೆಯೊಂದರ ಕ್ವಾಲಿಟಿ ಲ್ಯಾಬಿನಲ್ಲಿ 19 ವರ್ಷ ಇದ್ದವಳು ನಾನು. ದಿನಾ ಬೆಳಗ್ಗೆ 11 ಗಂಟೆಗೆ ರುಚಿ ನೋಡಿ ಬರೆಯುವುದು ನನ್ನ ಕೆಲಸ. ಕೇಳಿದವರೆಲ್ಲ "ಆಹಾ, ಎಂಥಾ ನೌಕರಿ!" ಅನ್ನುತ್ತಿದ್ದರು. ಕೆಟ್ಟುಹೋದ ಬಿಯರ್ ಕುಡಿದು ಯಾಕೆ ಕೆಟ್ಟಿತು ಅಂತ ಹೇಳುವುದೂ ಅದೇ ನೌಕರಿಯಲ್ಲಿ ಸೇರಿತ್ತು ಅಂತ ಅವರಿಗೆ ಗೊತ್ತಿರಲಿಲ್ಲ.

ಪ್ರಶ್ನೆ: ಮೇಡಂ, ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವನು. ನಾಲ್ಕು ವರ್ಷದಿಂದ ಕುಡಿದ ಪ್ರತಿ ಕ್ರಾಫ್ಟ್ ಬಿಯರ್‌ಗೂ ಐದಕ್ಕೆ ಇಷ್ಟು ಅಂತ ನೋಟ್‌ಬುಕ್ಕಿನಲ್ಲಿ ಮಾರ್ಕು ಬರೆದಿಟ್ಟಿದ್ದೇನೆ. ಒಟ್ಟು 143 ಆಗಿವೆ. ಮೊನ್ನೆ ಸುಮ್ನೆ ಕೂತಿದ್ದಾಗ ಎಲ್ಲವನ್ನೂ ಆಲ್ಕೋಹಾಲ್ ಪ್ರಮಾಣದ ಪ್ರಕಾರ ಜೋಡಿಸಿ ನೋಡಿದೆ. ನನ್ನ ಟಾಪ್ 10ರಲ್ಲಿ 9 ಬಿಯರ್ 8%ಕ್ಕಿಂತ ಜಾಸ್ತಿ. ಕೊನೆಯ 20ರಲ್ಲಿ ಒಂದೂ 6% ದಾಟಿಲ್ಲ. ಇಷ್ಟು ದಿನ ನಾನು ರುಚಿಗೆ ಮಾರ್ಕು ಕೊಟ್ಟೆನೋ, ಅಮಲಿಗೋ? ಹೆಂಡತಿ ನೋಡಿ ನಗುತ್ತಿದ್ದಾಳೆ.

ಉತ್ತರ: ಮೇಷ್ಟ್ರೇ, ನಗುವುದಾದರೆ ನಿಮ್ಮೊಬ್ಬರನ್ನೇ ನೋಡಿ ನಗಬೇಕಾಗಿಲ್ಲ ಅಂತ ಮನೆಯವರಿಗೆ ಹೇಳಿ. ಜನ ಮಾರ್ಕು ಹಾಕಿದ ಯಾವ ಬಿಯರ್ ಪಟ್ಟಿ ತೆಗೆದರೂ ಮೇಲ್ಗಡೆ ಕೂತಿರುವುದು ಇವೇ: ಕಪ್ಪನೆಯ ಇಂಪೀರಿಯಲ್ ಸ್ಟೌಟ್, ಕಹಿ, ಘಮ ಜಾಸ್ತಿ ಇರುವ ಡಬಲ್ ಐಪಿಎ, ಬಾರ್ಲಿವೈನ್ (ಹೆಸರಷ್ಟೇ ವೈನ್, ಇದೂ ಬಿಯರೇ), ಬೆಲ್ಜಿಯಂನ ಕ್ವಾಡ್ರುಪಲ್. ಹೆಚ್ಚಿನವು 8%ರಿಂದ 12%ರ ನಡುವಿನವು. ಪಿಲ್ಸ್‌ನರ್, ಬಿಟರ್, ಮೈಲ್ಡ್ ಥರದ ಹಗುರ ಬಿಯರ್ ಹುಡುಕಬೇಕಾದರೆ ಬಹಳ ಕೆಳಗೆ ಇಳಿಯಬೇಕು.

ಬೆಲ್ಜಿಯಂನಲ್ಲಿ ಸಿಂಟ್ ಸಿಕ್ಸ್ಟಸ್ ಅಂತ ಒಂದು ಕ್ರೈಸ್ತ ಮಠ ಇದೆ. ಅಲ್ಲಿನ ಸನ್ಯಾಸಿಗಳು ವೆಸ್ಟ್‌ವ್ಲೆಟೆರೆನ್ ಅನ್ನುವ ಹೆಸರಲ್ಲಿ ಮೂರು ಬಿಯರ್ ಮಾಡುತ್ತಾರೆ. 5.8%ರ ಬ್ಲಾಂಡ್, 8%ರ "8", 10.2%ರ "12". ಹೆಸರಿನ 12 ಶೇಕಡಾ ಲೆಕ್ಕವಲ್ಲ, ಗಮನಿಸಿ. ಮಠ ಒಂದೇ, ಮಾಡುವ ಕೈಯೂ ಒಂದೇ. ಆದರೆ ಲೋಕದ ಅತ್ಯುತ್ತಮ ಬಿಯರ್ ಅಂತ ಹೆಸರು ಮಾಡಿದ್ದು 12. ಅದಕ್ಕಾಗಿ ಜನ ಮಠದ ಬಾಗಿಲಿಗೆ ಹೋಗಿ ನಿಂತರು. ಬ್ಲಾಂಡ್ ಹೆಸರೆತ್ತಿದರೆ "ಹೌದಾ, ಅದೂ ಇದೆಯಾ?" ಅನ್ನುವವರೇ ಜಾಸ್ತಿ.

ಇಷ್ಟು ನೋಡಿದ ಕೂಡಲೇ "ಜನ ಕಿಕ್ಕಿಗೆ ಮಾರ್ಕು ಕೊಡುತ್ತಾರೆ" ಅಂದುಬಿಡುವುದು ಸುಲಭ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಅದು ಪೂರ್ತಿ ಸರಿಯಲ್ಲ ಅಂತ ತಿಳಿದಿದ್ದು ನಮ್ಮ ಚೀಫ್ ಮಾಡಿದ ಒಂದು ತಲೆಹರಟೆಯಿಂದ.

ಲ್ಯಾಬಿನಲ್ಲಿ ಕೆಲಸ ಕಮ್ಮಿ ಇದ್ದ ಒಂದು ಮಧ್ಯಾಹ್ನ. ಚೀಫ್ ಎರಡು ಜಗ್ ತಂದಿಟ್ಟರು. ಎರಡಕ್ಕೂ ನಮ್ಮದೇ 5%ರ ಬಿಯರ್, 300 ಎಂಎಲ್ ಅಳೆದು ಹಾಕಿದರು. ಒಂದಕ್ಕೆ 28 ಎಂಎಲ್ ವೋಡ್ಕಾ, 40%ರದ್ದು. ಇನ್ನೊಂದಕ್ಕೆ 28 ಎಂಎಲ್ ತಣ್ಣೀರು. ಲೆಕ್ಕ ಹಾಕಿ ನೋಡಿ: ವೋಡ್ಕಾ ಬಿದ್ದದ್ದು 8% ಆಯಿತು, ನೀರು ಬಿದ್ದದ್ದು ಸುಮಾರು 4.6%. ಎರಡೂ ಒಂದೇ ಸಮ ತೆಳುವಾಗಿವೆ, ಆಲ್ಕೋಹಾಲ್ ಮಾತ್ರ ಬೇರೆ. ಗ್ಯಾಸ್ ಹಾರಿಹೋಗಬಾರದು ಅಂತ ಉದ್ದನೆ ಚಮಚದಲ್ಲಿ ಒಂದೇ ಸುತ್ತು ತಿರುವಿದರು. ಗ್ಲಾಸಿನ ಮೇಲೆ 417, 862 ಅಂತ ಚೀಟಿ. ರುಚಿ ನೋಡುವ ಲ್ಯಾಬುಗಳಲ್ಲಿ ಹೀಗೆ ಅರ್ಥವಿಲ್ಲದ ಮೂರಂಕಿ ನಂಬರೇ ಹಾಕುವುದು. 1, 2 ಅಂತ ಬರೆದರೆ ಮನಸ್ಸು ಸುಮ್ನೆ 1ರ ಕಡೆ ವಾಲುತ್ತದೆ. ಎ, ಬಿ ಅಂದರೂ ಅದೇ ಕಥೆ.

ಆರು ಜನ ಕುಡಿದೆವು. ಚೀಟಿ ಬಿಚ್ಚಿದಾಗ ನಾಲ್ಕು ಜನ ನೀರು ಬಿದ್ದದ್ದಕ್ಕೇ ಜಾಸ್ತಿ ಮಾರ್ಕು ಕೊಟ್ಟಿದ್ದರು. ವೋಡ್ಕಾದ ಗ್ಲಾಸಿನ ಮುಂದೆ ನಾನು ಬರೆದದ್ದು ಇವತ್ತಿಗೂ ನೆನಪಿದೆ: "ತೆಳ್ಳಗಿದೆ, ಗಂಟಲಲ್ಲಿ ಉರಿ, ಏನೋ ಒಂದು ಕಾಣೆಯಾಗಿದೆ." ಆರು ಜನರ ಮಾತು ಶಾಸ್ತ್ರವಲ್ಲ, ಒಪ್ಪಿದೆ. ಆದರೆ ಆ ಕಾಣೆಯಾದದ್ದು ಏನು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇದೆ.

ಬಿಯರ್‌ಗೆ ಆಲ್ಕೋಹಾಲನ್ನು ಹೊರಗಿಂದ ತಂದು ಸುರಿಯುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದೇ ಮಾಲ್ಟ್. ಅದನ್ನು ಬಿಸಿನೀರಲ್ಲಿ ನೆನೆಸಿದರೆ ಸಿಹಿನೀರು ಬರುತ್ತದೆ. ಅದಕ್ಕೆ ವರ್ಟ್ ಅನ್ನುತ್ತೇವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಜಾಸ್ತಿ ಆಲ್ಕೋಹಾಲ್ ಬೇಕಾದರೆ ಜಾಸ್ತಿ ಸಕ್ಕರೆ ಬೇಕು, ಅದಕ್ಕೆ ಸಾಮಾನ್ಯವಾಗಿ ಜಾಸ್ತಿ ಮಾಲ್ಟ್ ಸುರಿಯಬೇಕು. ನೀವು ಲೆಕ್ಕದವರು, ಸೂತ್ರವನ್ನೇ ಕೊಡುತ್ತೇನೆ. ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡು, ಹುದುಗುವ ಮೊದಲಿನ ಸಾಂದ್ರತೆಯಲ್ಲಿ ಹುದುಗಿದ ನಂತರದ ಸಾಂದ್ರತೆ ಕಳೆದು 131.25ರಿಂದ ಗುಣಿಸಿ. ಹತ್ತಿರಹತ್ತಿರ ಶೇಕಡಾ ಆಲ್ಕೋಹಾಲ್ ಸಿಗುತ್ತದೆ. 1.050ರಿಂದ 1.012ಕ್ಕೆ ಇಳಿದರೆ ಸುಮಾರು 5%. 1.090ರಿಂದ 1.020ಕ್ಕೆ ಇಳಿದರೆ ಸುಮಾರು 9.2%.

ಆ ಎರಡನೆಯದರ ಕೊನೆಯ ಅಂಕಿ ನೋಡಿದಿರಾ? 1.020. ಯೀಸ್ಟ್ ತಿಂದು ಬಿಟ್ಟ ಮೇಲೂ ಅದರಲ್ಲಿ ಇನ್ನಷ್ಟು ಸಿಹಿ, ಇನ್ನಷ್ಟು ಮಂದ ಉಳಿದಿದೆ. ಬಾಯಲ್ಲಿ ಅದು ರೇಷ್ಮೆ ಥರ ಹರಡುತ್ತದೆ. ಅಷ್ಟೊಂದು ಮಾಲ್ಟಿನ ಜೊತೆ ಬ್ರೆಡ್ಡಿನ ಸಿಪ್ಪೆ, ಕ್ಯಾರಮೆಲ್, ಕಾಫಿ, ಚಾಕಲೇಟಿನ ಘಮ ಬರುತ್ತದೆ. ಡಬಲ್ ಐಪಿಎಯಲ್ಲಿ ಮಾಲ್ಟಿನ ಸಿಹಿಗೆ ಸರಿಸಮ ನಿಲ್ಲಲಿ ಅಂತ ಕಹಿ, ಘಮ ಕೊಡುವ ಹಾಪ್ಸ್ ಹೂವನ್ನೂ ಕೈಬಿಚ್ಚಿ ಸುರಿದಿರುತ್ತಾರೆ. ಸ್ಟೌಟನ್ನು ತಿಂಗಳುಗಟ್ಟಲೆ ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಇಟ್ಟಿದ್ದರೆ ಓಕ್ ಮರದ ವೆನಿಲಾ ಬೇರೆ. ಇವೆಲ್ಲ ಸೇರಿ ಮಾರ್ಕು ಗಳಿಸುತ್ತವೆ. ಲೇಬಲ್ಲಿನ ಮೇಲೆ ಅಂಕಿಯಾಗಿ ಕಾಣುವುದು ಮಾತ್ರ ಆಲ್ಕೋಹಾಲ್. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತೇವಲ್ಲ, ಹಾಗೆ. ವೋಡ್ಕಾ ಹಾಕಿದ ಜಗ್ಗಿನಲ್ಲಿ ನಾರೊಂದೇ ಇತ್ತು.

ಹಾಗಂತ ನಾರಿಗೆ ಕೆಲಸವೇ ಇಲ್ಲ ಅನ್ನುವಂತಿಲ್ಲ. ಆಲ್ಕೋಹಾಲಿಗೆ ತನ್ನದೇ ಒಂದು ಸಣ್ಣ ಸಿಹಿ ಇದೆ, ಒಂದು ಕಹಿಯೂ ಇದೆ. ಜೊತೆಗೆ ಬಿಸಿ. ಈ ಬಿಸಿಯ ಕಥೆ ನನಗೆ ಬಹಳ ಇಷ್ಟ. ನಮ್ಮ ನರಗಳಲ್ಲಿ ಟಿಆರ್‌ಪಿವಿ1 ಅಂತ ಒಂದು ಗ್ರಾಹಕ ಇದೆ, ಅಂದರೆ ಬಿಸಿಯನ್ನು ಪತ್ತೆಹಚ್ಚುವ ಪ್ರೋಟೀನ್. ಮೆಣಸಿನಕಾಯಿಯ ಖಾರ ನಮಗೆ ಗೊತ್ತಾಗುವುದು ಅದರಿಂದಲೇ. ಅದನ್ನು ಗುರುತಿಸಿದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಸಾಮಾನ್ಯವಾಗಿ 42-43 ಡಿಗ್ರಿ ಬಿಸಿಗೆ ಎಚ್ಚರಾಗುವ ಈ ಗ್ರಾಹಕ, ಆಲ್ಕೋಹಾಲ್ ತಗುಲಿದರೆ ಸುಮಾರು 34 ಡಿಗ್ರಿಗೇ ಎಚ್ಚರಾಗಿಬಿಡುತ್ತದೆ. ಅಂದರೆ ನಿಮ್ಮ ಬಾಯಿಯ ಶಾಖವೇ ನಿಮಗೆ ಬಿಸಿ ಅನ್ನಿಸುತ್ತದೆ! ಹಿತವಾಗಿ ಇದ್ದರೆ ಅದಕ್ಕೆ "ಬೆಚ್ಚಗಿದೆ" ಅನ್ನುತ್ತೇವೆ, ಮಿತಿಮೀರಿದರೆ "ಸುಡುತ್ತದೆ" ಅನ್ನುತ್ತೇವೆ. ಸುತ್ತ ಸಿಹಿ, ಮಂದ ಇದ್ದರೆ ಆ ಬಿಸಿಗೆ ಹಾಸಿಗೆ ಹಾಸಿದಂತೆ. ಇಲ್ಲದಿದ್ದರೆ ನಮ್ಮ ವೋಡ್ಕಾ ಜಗ್ಗಿನ ಗತಿ.

ಬರೀ ಶೇಕಡಾವಾರಿನಿಂದಲೇ ಮಾರ್ಕು ಏರುವುದಾಗಿದ್ದರೆ ಸ್ಕಾಟ್ಲೆಂಡಿನ ಬ್ರೂಡಾಗ್‌ನವರು 2010ರಲ್ಲಿ ಮಾಡಿದ 55%ರ ಬಿಯರ್ ಎಲ್ಲರ ಪಟ್ಟಿಯ ತಲೆಯ ಮೇಲೆ ಕೂರಬೇಕಿತ್ತು. ಅದರ ಬಾಟ್ಲಿಗಳನ್ನು ಬೊಂಬೆಗಳಂತೆ ಮಾಡಿಟ್ಟ ಸತ್ತ ಅಳಿಲು, ಮುಂಗುಸಿಯಂತೆ ಕಾಣುವ ಸ್ಟೋಟ್ ಅನ್ನುವ ಪ್ರಾಣಿಗಳ ಒಳಗೆ ಇಟ್ಟು ಮಾರಿದ್ದರು. ಜನ ಮಾತಾಡಿದ್ದು ಅಳಿಲಿನ ಬಗ್ಗೆ.

ಇನ್ನು ಅರ್ಧ ಉತ್ತರ ಲೇಬಲ್ಲಿನಲ್ಲಿದೆ. ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆ. ಅದೇ ಚೀಫ್ ಇನ್ನೊಂದು ದಿನ ಎರಡು ಗ್ಲಾಸ್ ಕೊಟ್ಟರು. ಈ ಸಲ ಚೀಟಿಯಲ್ಲಿ ಮೂರಂಕಿ ನಂಬರ್ ಇರಲಿಲ್ಲ. ಒಂದರ ಮೇಲೆ 4.8%, ಇನ್ನೊಂದರ ಮೇಲೆ 7.5% ಅಂತಿತ್ತು. ಹೊಸ ಎರಡು ಬಿಯರ್ ಇರಬೇಕು ಅಂದುಕೊಂಡು ಕೂತೆ. ಮೊದಲನೆಯದಕ್ಕೆ "ಹಗುರ, ಚೊಕ್ಕ" ಅಂತ ಬರೆದೆ. ಎರಡನೆಯದಕ್ಕೆ "ಮೈ ತುಂಬಿದೆ, ಕೊನೆಗೆ ಬೆಚ್ಚನೆ ಉಳಿಯುತ್ತದೆ" ಅಂತ ಬರೆದು ಒಂದು ಮಾರ್ಕು ಜಾಸ್ತಿ ಕೊಟ್ಟೆ. ಎರಡೂ ಒಂದೇ ಬಾಟ್ಲಿಯದು. ಆಗ ನಾನು ಆ ಕೆಲಸಕ್ಕೆ ಸೇರಿ 12 ವರ್ಷ ಆಗಿತ್ತು! ಚೀಫ್ ಏನೂ ಅನ್ನಲಿಲ್ಲ, ನನ್ನ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅದು ಇನ್ನೂ ಕೆಟ್ಟದ್ದು.

ಇದು ನನ್ನೊಬ್ಬಳ ದಡ್ಡತನವಲ್ಲ ಅಂತ ಆಮೇಲೆ ಓದಿ ಸಮಾಧಾನ ಮಾಡಿಕೊಂಡೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಬೇರೆ ಕಡೆ ಕಂಡಿದ್ದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮಾರ್ಕು ಹಾಕುವಾಗ, ಒಳ್ಳೆ ಮೈಕಟ್ಟು ಇದ್ದವನಿಗೆ ಬುದ್ಧಿಗೂ ನಾಯಕತ್ವಕ್ಕೂ ಒಳ್ಳೆ ಮಾರ್ಕೇ ಬೀಳುತ್ತಿತ್ತು. ಒಂದು ಗುಣದ ಬೆಳಕು ಉಳಿದವುಗಳ ಮೇಲೂ ಬೀಳುತ್ತದೆ. ಬಿಯರ್‌ನದೇ ಉದಾಹರಣೆ ಬೇಕೆಂದರೆ 2006ರಲ್ಲಿ ಅಮೆರಿಕದ ಮೂವರು ಸಂಶೋಧಕರು, ಲೀ, ಫ್ರೆಡರಿಕ್, ಏರಿಯಲಿ, ಪ್ರಕಟಿಸಿದ ಪ್ರಯೋಗ ಇದೆ. ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕೊಟ್ಟರು. ಏನೂ ಹೇಳದೆ ಕೊಟ್ಟಾಗ ಹೆಚ್ಚಿನವರಿಗೆ ಮಾಮೂಲಿ ಬಿಯರ್‌ಗಿಂತ ಅದೇ ಇಷ್ಟವಾಯಿತು. ಕುಡಿಯುವ ಮೊದಲೇ "ವಿನೆಗರ್ ಇದೆ" ಅಂದಾಗ ಇಷ್ಟಪಟ್ಟವರು ಬಹಳ ಕಮ್ಮಿಯಾದರು. ತಮಾಷೆ ಏನೆಂದರೆ, ಕುಡಿದ ಮೇಲೆ ಹೇಳಿದರೆ ಅಷ್ಟೇನೂ ವ್ಯತ್ಯಾಸ ಆಗಲಿಲ್ಲ. ಮೊದಲೇ ಕಿವಿಗೆ ಬಿದ್ದದ್ದು ನಾಲಿಗೆಯನ್ನೇ ಬದಲಿಸಿತ್ತು. "10% ಇಂಪೀರಿಯಲ್" ಅಂತ ಕಪ್ಪು ಲೇಬಲ್ಲಿನಲ್ಲಿ ಬಂಗಾರದ ಅಕ್ಷರ ಓದಿದ ಮೇಲೆ ನೀವು ಮೂಗನ್ನು ಗ್ಲಾಸಿಗೆ ಇಡುವ ರೀತಿಯೇ ಬೇರೆ, ಅಲ್ವಾ?

ಇನ್ನೂ ಎರಡು ವಿಷಯ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಬಾರ್ಲಿವೈನ್ ಹುಡುಕಿಕೊಂಡು ಹೋಗುವವನು ಮೊದಲೇ ಅದನ್ನು ಇಷ್ಟಪಡುವವನು. ಸಾದಾ ಲಾಗರ್, ಅಂದರೆ ತಿಳಿ ಬಣ್ಣದ ಮಾಮೂಲಿ ಬಿಯರ್, ಮಾತ್ರ ಯಾರೆಂದರೆ ಅವರ ಕೈಗೆ ಸಿಗುತ್ತದೆ, ಲಾಗರ್ ಅಂದರೆ ಮೂಗು ಮುರಿಯುವವನ ಕೈಗೂ. ಅವನೂ ಮಾರ್ಕು ಹಾಕುತ್ತಾನೆ. ಇನ್ನೊಂದು ಶಾಖ. ಲಾಗರನ್ನು 4-7 ಡಿಗ್ರಿಯಲ್ಲಿ ಕೊಡುತ್ತಾರೆ, ದಪ್ಪ ಸ್ಟೌಟನ್ನು 12-13 ಡಿಗ್ರಿಯಲ್ಲಿ. ತಣ್ಣಗಿದ್ದಷ್ಟೂ ಘಮ ಅಡಗುತ್ತದೆ. ಪಾಪ, ಲಾಗರ್ ಬಾಯಿ ಮುಚ್ಚಿಕೊಂಡೇ ಪರೀಕ್ಷೆಗೆ ಕೂತಿರುತ್ತದೆ.

ಈಗ ಇದಕ್ಕೆ ಪೂರಾ ಉಲ್ಟಾ ಒಂದು ಉದಾಹರಣೆ. ಬ್ರಿಟನ್ನಿನಲ್ಲಿ ಕಾಮ್ರಾ ಅಂತ ಬಿಯರ್ ಪ್ರಿಯರ ಸಂಘ ಇದೆ, 1971ರಲ್ಲಿ ಶುರುವಾದದ್ದು. ಅವರು "ಚಾಂಪಿಯನ್ ಬಿಯರ್ ಆಫ್ ಬ್ರಿಟನ್" ಅಂತ ಸ್ಪರ್ಧೆ ನಡೆಸುತ್ತಾರೆ. ಯಾವ ಬಿಯರ್ ಅಂತ ಹೇಳದೆ ರುಚಿ ನೋಡಿಸುತ್ತಾರೆ. 1998ರಲ್ಲಿ ಅಲ್ಲಿ ಗೆದ್ದಿದ್ದು ಕೋನಿಸ್ಟನ್ ಬ್ಲೂಬರ್ಡ್ ಬಿಟರ್, 3.6%. 2007ರಲ್ಲಿ ಹಾಬ್ಸನ್ಸ್ ಮೈಲ್ಡ್, ಬರೀ 3.2%! ಸ್ಟ್ರಾಂಗ್ ಬಿಯರ್ ಗೆದ್ದ ವರ್ಷಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ಮೈಲ್ಡನ್ನು ಮೊದಲು ಮೈಲ್ಡುಗಳ ಜೊತೆಗೇ ಕೂರಿಸಿ, ಹೆಸರು ಮುಚ್ಚಿ, ಒಳ್ಳೆ ಮೈಲ್ಡ್ ಹೇಗಿರಬೇಕು ಅಂತ ಗೊತ್ತಿದ್ದವರ ಕೈಗೆ ಕೊಟ್ಟರೆ ಅದು ಗೆದ್ದು ಬರುತ್ತದೆ.

ಅಮೆರಿಕದ ಬಿಜೆಸಿಪಿ ಅನ್ನುವ ತೀರ್ಪುಗಾರರ ಸಂಸ್ಥೆಯ ಹಾಳೆಯೂ ಹೀಗೇ ಕೆಲಸ ಮಾಡುತ್ತದೆ. ಒಟ್ಟು 50 ಮಾರ್ಕು. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗುವ ಅನುಭವಕ್ಕೆ 5, ಒಟ್ಟಾರೆಗೆ 10. ಅಲ್ಲಿ ಕೇಳುವ ಪ್ರಶ್ನೆ "ಇದು ಎಷ್ಟು ಒಳ್ಳೆ ಪಿಲ್ಸ್‌ನರ್?" ಅಂತ. ನಿಮ್ಮ ನೋಟ್‌ಬುಕ್ ಕೇಳುತ್ತಿರುವುದು "ಇದು ನನ್ನನ್ನು ಎಷ್ಟು ಬೆಚ್ಚಿಬೀಳಿಸಿತು?" ಅಂತ. ಆ ಪ್ರಶ್ನೆಯಲ್ಲಿ ಪಿಲ್ಸ್‌ನರ್ ಯಾವತ್ತೂ ಗೆಲ್ಲುವುದಿಲ್ಲ.

ಇಲ್ಲಿ ನನ್ನದೊಂದು ಹಳೆಯ ಸಿಟ್ಟಿದೆ, ಹೇಳಿಬಿಡುತ್ತೇನೆ. ಲ್ಯಾಬಿನವರ ಕಣ್ಣಲ್ಲಿ ಹಗುರ ಬಿಯರೇ ಕಷ್ಟದ್ದು. ಬಿಯರ್ ಮಾಡುವಾಗ ಹುಟ್ಟುವ ರಾಸಾಯನಿಕಗಳದ್ದೇ ಕಾಟ: ಡೈಅಸಿಟೈಲ್ ಉಳಿದರೆ ಬೆಣ್ಣೆ ವಾಸನೆ, ಡಿಎಂಎಸ್ ಉಳಿದರೆ ಬೇಯಿಸಿದ ಜೋಳದ ವಾಸನೆ, ಅಸಿಟಾಲ್ಡಿಹೈಡ್ ಇದ್ದರೆ ಹಸಿ ಸೇಬು, ಹಳತಾದರೆ ಒದ್ದೆ ರಟ್ಟು. 4.5%ರ ಲಾಗರಿನಲ್ಲಿ ಇವುಗಳಲ್ಲಿ ಒಂದು ಚೂರಿದ್ದರೂ ಬಿಳಿ ಅಂಗಿಯ ಮೇಲೆ ಮಸಿ ಬಿದ್ದ ಹಾಗೆ ಕಾಣುತ್ತದೆ. 11%ರ ಸ್ಟೌಟಿನಲ್ಲಿ ಸುಟ್ಟ ಮಾಲ್ಟು, ಓಕು, ವೆನಿಲಾ ಎಲ್ಲ ಸೇರಿ ಎಷ್ಟೋ ತಪ್ಪನ್ನು ಮುಚ್ಚಿಹಾಕುತ್ತವೆ. ಒಂದು ಟ್ಯಾಂಕ್ ಲಾಗರಿನಲ್ಲಿ ಬೆಣ್ಣೆ ವಾಸನೆ ಹೋಗಲಿ ಅಂತ ನಾವು ದಿನಗಟ್ಟಲೆ ಕಾದು ಕೂತು, ಕೊನೆಗೂ ಒಳ್ಳೆಯದು ಹೊರಗೆ ಬಂದರೆ ಜನ ಕುಡಿದು "ಪರವಾಗಿಲ್ಲ, 3" ಅನ್ನುತ್ತಾರೆ.

ನಿಮ್ಮ ನೋಟ್‌ಬುಕ್ಕಿಗೆ ಬರೋಣ. ಲೆಕ್ಕದವರಾದ್ದರಿಂದ ಒಂದು ಗೆರೆ ಎಳೆದು, ಪ್ರತಿ ಶೇಕಡಾ ಆಲ್ಕೋಹಾಲಿಗೆ ಇಷ್ಟು ಮಾರ್ಕು ಅಂತ ಕಂಡುಹಿಡಿದು, ಎಲ್ಲದರಲ್ಲೂ ಅಷ್ಟು ಕಳೆದುಬಿಡೋಣ ಅಂತ ನಿಮಗೆ ಕೈ ತುರಿಸುತ್ತಿರಬಹುದು. ಬೇಡ. ನಾರನ್ನು ಕಳೆಯಲು ಹೋಗಿ ಹೂವನ್ನೂ ಕಳೆದ ಹಾಗೆ ಆಗುತ್ತದೆ. ಅದರ ಬದಲು ಮೊದಲು ಬರೀ ಐಪಿಎಗಳನ್ನು ಬೇರೆ ತೆಗೆದು ಅವುಗಳೊಳಗೇ ಹೋಲಿಸಿ ನೋಡಿ, ಆಮೇಲೆ ಬರೀ ಸ್ಟೌಟುಗಳನ್ನು. ಜಾತಿಯೊಳಗೆ ನೋಡಿದಾಗಲೂ ಸ್ಟ್ರಾಂಗ್ ಆದದ್ದೇ ಮೇಲಿದ್ದರೆ ನಿಮ್ಮ ಅನುಮಾನಕ್ಕೆ ಸ್ವಲ್ಪ ಬಲ ಬರುತ್ತದೆ. ಆಮೇಲೆ ಮನೆಯವರ ಸಹಾಯ ಬೇಕು. ಇಷ್ಟು ನಕ್ಕಿದ್ದಾರಲ್ಲ, ಕೆಲಸವೂ ಮಾಡಲಿ. ಟಾಪ್ 10ರಿಂದ ಎರಡು, ಮಧ್ಯದಿಂದ ಎರಡು ಬಿಯರ್ ತಂದು, ನಿಮಗೆ ಕಾಣದ ಹಾಗೆ 60 ಎಂಎಲ್ ಅಳೆದು, ಒಂದೇ ಶಾಖದಲ್ಲಿ, ಮೂರಂಕಿ ಚೀಟಿ ಅಂಟಿಸಿ ಕೊಡಲಿ. ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ, ಹಾಗಾಗಿ ಕಣ್ಣು ಮುಚ್ಚಿಕೊಳ್ಳಿ.

ಕೊನೆಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಇನ್ನೊಂದು ದಿನ ಒಂದೇ ಬಿಯರನ್ನು ಪೂರ್ತಿ ಗ್ಲಾಸ್ ತೆಗೆದುಕೊಳ್ಳಿ. ಮೊದಲ ಗುಟುಕಿಗೆ ಒಂದು ಮಾರ್ಕು, ತಳದ ಗುಟುಕಿಗೆ ಇನ್ನೊಂದು. ನನ್ನ ಅನುಭವದಲ್ಲಿ ದಪ್ಪ ಸ್ಟೌಟು 4.5ರಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ, ಅರ್ಧಕ್ಕೇ ನಾಲಿಗೆ ದಣಿಯುತ್ತದೆ. ಒಳ್ಳೆ ಬಿಟರ್ 3.5ರಿಂದ ಶುರುವಾಗಿ ತಳ ಮುಟ್ಟುವಷ್ಟರಲ್ಲಿ 4 ದಾಟಿರುತ್ತದೆ. ನಿಮ್ಮ 143 ಮಾರ್ಕುಗಳಲ್ಲಿ ಎಷ್ಟು ಮೊದಲ ಗುಟುಕಿನವು?

ಪ್ರಶ್ನೆ: ನಾನು ಮನೆಯಲ್ಲೇ ಬಿಯರ್ ಮಾಡುತ್ತೇನೆ. ನನ್ನ 4%ರ ಪೇಲ್ ಏಲ್‌ಗೆ ಗೆಳೆಯರು "ಓಕೆ" ಅಂದರು. 8%ರದ್ದು ಮಾಡಿದಾಗ "ಸೂಪರ್" ಅಂದರು. ಇನ್ನು ಮುಂದೆ ಬರೀ ಸ್ಟ್ರಾಂಗೇ ಮಾಡಲಾ?

ಉತ್ತರ: ಗೆಳೆಯರ ಮಾತು ಕೇಳಿ ಬಿಯರ್ ಮಾಡಿದರೆ ಕೊನೆಗೆ ಗೆಳೆಯರೇ ಕುಡಿದು ಮುಗಿಸುತ್ತಾರೆ. ಮಾಡಿ, ಆದರೆ ಬರೀ ಸಕ್ಕರೆ ಸುರಿದು ಶೇಕಡಾ ಏರಿಸಬೇಡಿ. ಸಾದಾ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಹಾಕುತ್ತದೆ, ಹಿಂದೆ ಏನೂ ಉಳಿಸುವುದಿಲ್ಲ. ಬಿಯರ್ ತೆಳ್ಳಗೆ, ಬಿಸಿಬಿಸಿಯಾಗಿ ಬರುತ್ತದೆ. ಬೆಲ್ಜಿಯಂನವರು ಬೇಕೆಂದೇ ಸ್ವಲ್ಪ ಸಕ್ಕರೆ ಹಾಕುತ್ತಾರೆ, ಅದು ಬೇರೆ ಲೆಕ್ಕ. ಅವರಿಗೆ ಸ್ಟ್ರಾಂಗ್ ಆದರೂ ಒಣ ಒಣ ಇರುವ ಬಿಯರ್ ಬೇಕು.

ಯೀಸ್ಟ್ ಜಾಸ್ತಿ ಹಾಕಿ, ಮತ್ತು ಹುದುಗುವ ಮೊದಲ ಮೂರು ದಿನ ಶಾಖ ಏರಲು ಬಿಡಬೇಡಿ. ಗಟ್ಟಿ ವರ್ಟಿನಲ್ಲಿ ಯೀಸ್ಟ್ ಮೊದಲೇ ಏದುಸಿರು ಬಿಡುತ್ತಿರುತ್ತದೆ. ಶಾಖ ಏರಿದರೆ ಫ್ಯೂಸೆಲ್ ಅನ್ನುವ ಒರಟು, ಉರಿಯುವ ಆಲ್ಕೋಹಾಲ್‌ಗಳು ಹುಟ್ಟುತ್ತವೆ. ಮೂಗಿಗೆ ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಬಂದರೆ ಅದು ಈಥೈಲ್ ಅಸಿಟೇಟ್, ಅದೂ ಇದೇ ಮನೆಯ ಮಗು. ಗೆಳೆಯರು ಅದಕ್ಕೂ "ಏನ್ ಕಿಕ್ಕು!" ಅನ್ನಬಹುದು. ನೀವು ಮರುಳಾಗಬೇಡಿ.

ಆದರೆ ನನ್ನನ್ನು ಕೇಳಿದರೆ ಆ 4%ರ ಪೇಲ್ ಏಲನ್ನೇ ಇನ್ನೊಮ್ಮೆ ಮಾಡಿ. ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವಾಗ 65 ಡಿಗ್ರಿಯ ಬದಲು 68-69 ಡಿಗ್ರಿಯಲ್ಲಿ ಇಡಿ. ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿದು ಬಾಯಿ ತುಂಬುತ್ತದೆ, ಆಲ್ಕೋಹಾಲ್ ಏರುವುದಿಲ್ಲ. ಸ್ವಲ್ಪ ಓಟ್ಸ್ ಸೇರಿಸಿ. ಗೆಳೆಯರಿಗೆ ಎಷ್ಟು ಶೇಕಡಾ ಅಂತ ಮಾತ್ರ ಹೇಳಬೇಡಿ.

ಪ್ರಶ್ನೆ: ಡಾಕ್ಟರ್ ಕುಡಿಯಬೇಡಿ ಅಂದಿದ್ದಾರೆ. ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿಯುತ್ತಿದ್ದೇನೆ. ಏನೋ ಗಂಜಿ ಥರ ಇರುತ್ತದೆ. ಇದು ನನ್ನ ಮನಸ್ಸಿನ ಆಟವೋ, ನಿಜವಾಗಿಯೂ ಹಾಗೆಯೋ?

ಉತ್ತರ: ಮನಸ್ಸಿನ ಆಟವೂ ಸ್ವಲ್ಪ ಇದೆ, "ಇಲ್ಲ" ಅನ್ನುವ ಪದ ಲೇಬಲ್ಲಿನಲ್ಲೇ ಇದೆಯಲ್ಲ. ಆದರೆ ಗಂಜಿಯೂ ನಿಜ. ಮಾಲ್ಟಿನಿಂದ ಬರುವ ಆಲ್ಡಿಹೈಡ್ ಅನ್ನುವ ಕೆಲವು ರಾಸಾಯನಿಕಗಳಿಗೆ ಆ ಬೆಂದ ಧಾನ್ಯದ ವಾಸನೆ ಇರುತ್ತದೆ. ಮಾಮೂಲಿ ಬಿಯರಿನಲ್ಲಿ ಆಲ್ಕೋಹಾಲ್ ಅವನ್ನು ದ್ರವದೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆಲ್ಕೋಹಾಲ್ ಇಲ್ಲದಿದ್ದರೆ ಅವು ಗ್ಲಾಸಿನಿಂದ ಎದ್ದು ಸೀದಾ ಮೂಗಿಗೆ ಬರುತ್ತವೆ. ಹುದುಗುವುದನ್ನು ಅರ್ಧಕ್ಕೆ ನಿಲ್ಲಿಸಿ ಮಾಡಿದ ಬಿಯರಿನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಯೀಸ್ಟಿಗೆ ಅವನ್ನು ತಿಂದುಹಾಕಲು ಸಮಯವೇ ಸಿಕ್ಕಿರುವುದಿಲ್ಲ. ಹಾಪ್ಸ್ ಜಾಸ್ತಿ ಇರುವ ಐಪಿಎ ಥರದ್ದು, ಇಲ್ಲವೇ ಹುಳಿ ಬಿಯರ್ ಥರದ್ದು ಹುಡುಕಿ. ಆ ಘಮದ ಮುಂದೆ ಗಂಜಿ ಹಿಂದೆ ಸರಿಯುತ್ತದೆ. ಹಾಂ, ಬಹಳ ದೇಶಗಳಲ್ಲಿ 0.5%ವರೆಗೆ ಇದ್ದರೂ ಆಲ್ಕೋಹಾಲ್ ಇಲ್ಲದ್ದು ಅಂತಲೇ ಮಾರಬಹುದು. ನಿಮಗೆ ಅಷ್ಟೂ ಆಗುತ್ತದೋ ಇಲ್ಲವೋ ಅಂತ ಡಾಕ್ಟರನ್ನೇ ಕೇಳಿ, 0.0% ಅಂತ ಬರೆದದ್ದೂ ಸಿಗುತ್ತದೆ.

ಪ್ರಶ್ನೆ: ಕಪ್ಪಗಿದ್ದಷ್ಟೂ ಸ್ಟ್ರಾಂಗ್ ಅನ್ನುತ್ತಾರಲ್ಲ, ನಿಜವಾ?

ಉತ್ತರ: ಸುಳ್ಳು. ಇದ್ದಿಲ ಬಣ್ಣದ ಗಿನ್ನಿಸ್ ಡ್ರಾಟ್ 4.2%. ಬಂಗಾರದ ಬಣ್ಣದ ಬೆಲ್ಜಿಯಂನ ದುವೆಲ್ 8.5%. ದುವೆಲ್ ಅಂದರೆ ಅವರ ಭಾಷೆಯಲ್ಲಿ ದೆವ್ವ, ಹೆಸರಿನಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಬಣ್ಣ ಬರುವುದು ಮಾಲ್ಟನ್ನು ಎಷ್ಟು ಹುರಿದರು ಅನ್ನುವುದರಿಂದ.

ಪ್ರಶ್ನೆ: ನಮ್ಮ ಯಜಮಾನರು ಮತ್ತು ಅವರ ಗೆಳೆಯರು ತಿಂಗಳಿಗೊಮ್ಮೆ ಸೇರಿ ಆರು ಬಿಯರ್ ಕುಡಿದು ಮಾರ್ಕು ಹಾಕುತ್ತಾರೆ. ಮೊದಲನೆಯದಕ್ಕೆ ಯಾವಾಗಲೂ 3, ಕೊನೆಯದಕ್ಕೆ ಯಾವಾಗಲೂ 5. ಕೊನೆಯದು ಪ್ರತಿ ಸಲವೂ ಅಷ್ಟು ಚೆನ್ನಾಗಿರುತ್ತದಾ?

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಸಾಮಾನ್ಯವಾಗಿ ಹಗುರದ್ದನ್ನು ಮೊದಲು, ಸ್ಟ್ರಾಂಗನ್ನು ಕೊನೆಗೆ ಇಡುತ್ತಾರೆ. ಅದು ಸರಿಯಾದ ಕ್ರಮವೇ. ಸ್ಟೌಟ್ ಕುಡಿದ ಮೇಲೆ ಪಿಲ್ಸ್‌ನರ್ ಕುಡಿದರೆ ನೀರಿನ ಹಾಗೆ ಇರುತ್ತದೆ. ಆದರೆ ಸ್ಟ್ರಾಂಗ್ ಬಿಯರ್ ಸರದಿ ಬರುವ ಹೊತ್ತಿಗೆ ಮಾರ್ಕು ಹಾಕುವವರೇ ಏರಿಸಿಕೊಂಡಿರುತ್ತಾರೆ. ಆಗ ಬಿಯರೂ ಚೆನ್ನ, ಗೆಳೆಯನ ಹಳೇ ಜೋಕೂ ಚೆನ್ನ. ವೈನ್ ತೀರ್ಪುಗಾರರು ಉಗುಳುತ್ತಾರೆ, ಬಿಯರಿನವರು ಹೆಚ್ಚಾಗಿ ನುಂಗುತ್ತಾರೆ. ಅದಕ್ಕೇ ಪ್ರಮಾಣ ಸಣ್ಣದಿರಬೇಕು.

ಲೆಕ್ಕ ನೋಡಿ. ಆರು ಬಿಯರ್, ಸರಾಸರಿ 7% ಅಂತ ಇಟ್ಟುಕೊಳ್ಳಿ. ಪ್ರತಿ ಬಿಯರಿನಿಂದ ತಲೆಗೆ 60 ಎಂಎಲ್‌ನಂತೆ ಕುಡಿದರೆ ಒಳಗೆ ಹೋಗುವ ಶುದ್ಧ ಆಲ್ಕೋಹಾಲ್ ಸುಮಾರು 20 ಗ್ರಾಂ. ಪ್ರತಿಯೊಬ್ಬರೂ 330 ಎಂಎಲ್ ಬಾಟ್ಲಿ ಆರೂ ಮುಗಿಸಿದರೆ ಸುಮಾರು 109 ಗ್ರಾಂ. ಅಷ್ಟಾದ ಮೇಲೆ ಬರೆದ 5 ಯಾರ ಮಾರ್ಕು ಅಂತ ಹೇಳುವುದು ಕಷ್ಟ. ಅವರ ಪುಸ್ತಕದಲ್ಲಿ ಪ್ರತಿ ಮಾರ್ಕಿನ ಪಕ್ಕ ಅದು ಎಷ್ಟನೇ ಗ್ಲಾಸು ಅಂತಲೂ ಬರೆಸಿ.

ಇನ್ನೂ ಒಂದು ಉಪಾಯ ಇದೆ. ಮುಂದಿನ ಸಲ ಅವರು ಆರನೆಯದಕ್ಕೆ ಕೈ ಚಾಚಿದಾಗ, ಯಾರಿಗೂ ಹೇಳದೆ, ಮೊದಲ ಬಾಟ್ಲಿಯದನ್ನೇ ಅಡುಗೆಮನೆಯಲ್ಲಿ ಸುರಿದು ತಂದುಕೊಡಿ. ಎಷ್ಟು ಮಾರ್ಕು ಬಿತ್ತು ಅಂತ ನನಗೆ ಬರೆಯಿರಿ.